ಒಂದು ಚರ್ಚಿನ ಗೋಡೆ ತುಂಬ ಚಿತ್ರ, ಇನ್ನೊಂದರಲ್ಲಿ ಬರೀ ಸುಣ್ಣ: ಯಾಕೆ?

ಮಂಗಳೂರು ನೋಡಲು ಬಂದವರು ಲೈಟ್‌ಹೌಸ್ ಹಿಲ್ ಮೇಲಿನ ಅಲೋಶಿಯಸ್ ಚಾಪೆಲ್‌ಗೆ ಹೋಗಿಯೇ ಹೋಗುತ್ತಾರೆ. ಇಟಲಿಯಿಂದ ಬಂದ ಜೆಸ್ವಿಟ್ (ಕ್ಯಾಥೊಲಿಕ್ ಸನ್ಯಾಸಿ ಸಂಘದ) ಬ್ರದರ್ ಆಂಟೊನಿಯೊ ಮೊಸ್ಕೇನಿ 1899ರಿಂದ 1901ರ ನಡುವೆ ಅದರ ಗೋಡೆ, ಚಾವಣಿ ಎಲ್ಲವನ್ನೂ ಚಿತ್ರಗಳಿಂದ ತುಂಬಿಸಿಬಿಟ್ಟರು. ಕತ್ತು ನೋಯುವವರೆಗೆ ಮೇಲೆ ನೋಡಿ, ಅಲ್ಲಿಂದ ಬಲ್ಮಠದ ಕಡೆ ಹೋಗಿ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟರಾದ ಬಾಸೆಲ್ ಮಿಷನ್ನಿನವರ ಕಾಲದ ಚರ್ಚಿನೊಳಗೆ ಕಾಲಿಟ್ಟರೆ ಗೋಡೆಗಳು ಹೆಚ್ಚುಕಡಿಮೆ ಖಾಲಿ. ಇತಿಹಾಸ ಪಾಠ ಮಾಡುವವನು ಎಂಬ ಕಾರಣಕ್ಕೆ ಪ್ರಶ್ನೆ ನನ್ನ ಪಾಲಿಗೇ ಬರುತ್ತದೆ: "ಇಬ್ಬರೂ ಕ್ರಿಶ್ಚಿಯನ್ನರೇ ಅಲ್ವಾ ಸರ್? ಅವರಿಗೆ ಇಷ್ಟೊಂದು ಚಿತ್ರ, ಇವರಿಗೆ ಒಂದೂ ಇಲ್ಲ. ಯಾಕೆ?"

"ಪ್ರೊಟೆಸ್ಟೆಂಟರು ವಿಗ್ರಹ ಒಪ್ಪುವುದಿಲ್ಲ" ಎಂದರೆ ಕೇಳಿದವರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಆ ಉತ್ತರ ತಪ್ಪಲ್ಲ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ವಿಗ್ರಹ ಮಾಡಬೇಡ ಎಂಬ ಆಜ್ಞೆ ಬೈಬಲ್ಲಿನಲ್ಲಿ ಮೊದಲಿನಿಂದಲೂ ಇತ್ತು. ಸುಮಾರು 600ನೇ ಇಸವಿಯಲ್ಲಿ ಮಾರ್ಸೇಲ್ಸ್‌ನ ಬಿಷಪ್ ಸೆರೆನಸ್ ತನ್ನ ಚರ್ಚುಗಳಲ್ಲಿದ್ದ ಚಿತ್ರಗಳನ್ನು ಒಡೆಸಿದಾಗ ಪೋಪ್ ಗ್ರೆಗೊರಿ ಕಾಗದ ಬರೆದು ಗದರಿಸಿದ್ದರು: ಓದು ಬಲ್ಲವರಿಗೆ ಪುಸ್ತಕ ಇದ್ದಂತೆ ಓದು ಬಾರದವರಿಗೆ ಚಿತ್ರ, ಪೂಜೆ ಮಾಡಬೇಡಿ ಅನ್ನು, ಒಡೆಯಬೇಡ. ಪಶ್ಚಿಮ ಯುರೋಪು ಈ ಮಾತನ್ನು ಒಂಬೈನೂರು ವರ್ಷ ಒಪ್ಪಿಕೊಂಡು ನಡೆಯಿತು. ಹಾಗಾದರೆ 1520ರ ದಶಕದಲ್ಲೇ ಜನ ಸುತ್ತಿಗೆ ಎತ್ತಿಕೊಂಡದ್ದು ಯಾಕೆ? ಅದೂ ಲಿಯೊನಾರ್ದೊ, ರಾಫೆಲ್ ಆಗಷ್ಟೇ ತೀರಿಕೊಂಡಿದ್ದ, ಮೈಕೆಲೇಂಜೆಲೊ ಇನ್ನೂ ಕೆಲಸ ಮಾಡುತ್ತಿದ್ದ ಕಾಲದಲ್ಲಿ?

ನಮ್ಮ ಪಠ್ಯಪುಸ್ತಕಗಳು ಪುನರುಜ್ಜೀವನಕ್ಕೆ ಒಂದು ಪಾಠ, ಧರ್ಮಸುಧಾರಣೆಗೆ ಇನ್ನೊಂದು ಪಾಠ ಕೊಟ್ಟು ನಡುವೆ ಗೋಡೆ ಎಬ್ಬಿಸಿವೆ. ಮೊದಲನೆಯದರಲ್ಲಿ ಕಲೆ, ಮನುಷ್ಯ, ಸೌಂದರ್ಯ. ಎರಡನೆಯದರಲ್ಲಿ ಲೂಥರ್, ಪೋಪ್, ಜಗಳ. ನನ್ನ ಮಟ್ಟಿಗೆ ಚರ್ಚಿನ ಆ ಬಿಳಿ ಗೋಡೆಯೂ ಪುನರುಜ್ಜೀವನದ್ದೇ ಸಂತಾನ.

ಪುನರುಜ್ಜೀವನ ಕಾಲದ ಮಾನವತಾವಾದಿಗಳು ಎಂದರೆ ದೇವರನ್ನು ಬಿಟ್ಟು ಮನುಷ್ಯನನ್ನು ಹಿಡಿದವರು ಅಂತ ಹಲವರು ತಿಳಿದಿದ್ದಾರೆ. ಅವರಲ್ಲಿ ಬಹುಪಾಲು ಜನ ವ್ಯಾಕರಣ, ಕಾವ್ಯ, ಇತಿಹಾಸ, ನೀತಿ ಕಲಿಸುವ ಮೇಷ್ಟ್ರುಗಳು, ಇಲ್ಲವೇ ಕಚೇರಿಗಳ ಕಾರ್ಯದರ್ಶಿಗಳು. ಎಲ್ಲದಕ್ಕೂ "ಮೂಲದಲ್ಲಿ ಏನಿದೆ, ತೋರಿಸು" ಎನ್ನುವುದು ಅವರ ಚಾಳಿ. ಚಕ್ರವರ್ತಿ ಕಾನ್‌ಸ್ಟಂಟೈನ್ ಪಶ್ಚಿಮದ ಆಳ್ವಿಕೆಯನ್ನೇ ಪೋಪರಿಗೆ ದಾನ ಕೊಟ್ಟ ಎಂದು ಹೇಳುವ ಒಂದು ಪತ್ರವಿತ್ತು. 1440ರಲ್ಲಿ ಲೊರೆಂಜೊ ವಲ್ಲಾ ಅದನ್ನು ಕೈಗೆತ್ತಿಕೊಂಡು, ಇದರ ಲ್ಯಾಟಿನ್ ನಾಲ್ಕನೇ ಶತಮಾನದ್ದಲ್ಲ, ಯಾರೋ ಆಮೇಲೆ ಕೂತು ಬರೆದ ಖೋಟಾ ಎಂದು ಸಾಧಿಸಿದ. ಅವನಿಗೆ ಸಂಬಳ ಕೊಡುತ್ತಿದ್ದ ನೇಪಲ್ಸಿನ ದೊರೆ ಅಲ್ಫಾನ್ಸೊಗೂ ಪೋಪರಿಗೂ ಆಗ ಜಗಳವಿತ್ತು ಅನ್ನುವುದೂ ನಿಜ. ವಿದ್ವಾಂಸರ ಹಠ ಯಾವಾಗಲೂ ಶುದ್ಧ ಹಠವೇ ಆಗಿರುವುದಿಲ್ಲ. ಅದೇ ವಲ್ಲಾನನ್ನು ಮುಂದೆ ಪೋಪ್ ಐದನೇ ನಿಕೊಲಸ್ ರೋಮಿಗೆ ಕರೆಸಿ ಕೆಲಸ ಕೊಟ್ಟರು. ಆಗಿನ್ನೂ ಯಾರಿಗೂ ಇದು ಬೆಂಕಿ ಅನ್ನಿಸಿರಲಿಲ್ಲ.

ವಲ್ಲಾ ಬೈಬಲ್ಲಿನ ಹೊಸ ಒಡಂಬಡಿಕೆಯ ಗ್ರೀಕ್, ಲ್ಯಾಟಿನ್ ಪಾಠಗಳನ್ನು ಹೋಲಿಸಿ ಟಿಪ್ಪಣಿ ಬರೆದಿಟ್ಟಿದ್ದ. ಆ ಹಸ್ತಪ್ರತಿ 1504ರಲ್ಲಿ ಲೂವೆನ್ ಹತ್ತಿರದ ಒಂದು ಮಠದಲ್ಲಿ ಡಚ್ ವಿದ್ವಾಂಸ ಎರಾಸ್ಮಸ್‌ಗೆ ಸಿಕ್ಕಿತು. ಮರುವರ್ಷವೇ ಅಚ್ಚು ಹಾಕಿಸಿದ. ಆಮೇಲೆ ತಾನೇ ಆ ಕೆಲಸಕ್ಕೆ ಇಳಿದ. 1516ರಲ್ಲಿ ಬಾಸೆಲ್ ಪಟ್ಟಣದ ಯೊಹಾನ್ ಫ್ರೋಬೆನ್‌ನ ಮುದ್ರಣಾಲಯದಿಂದ ಅವನ ಗ್ರೀಕ್ ಹೊಸ ಒಡಂಬಡಿಕೆ ಹೊರಬಂತು, ಪಕ್ಕದಲ್ಲೇ ಅವನದೇ ಲ್ಯಾಟಿನ್ ಅನುವಾದ. ಹೌದು, ಅದೇ ಬಾಸೆಲ್. ಮೂರು ಶತಮಾನ ಕಳೆದ ಮೇಲೆ 1834ರಲ್ಲಿ ಮಂಗಳೂರಿಗೆ ಮಿಷನರಿಗಳನ್ನು ಕಳಿಸಿ, ಮುಂದೆ ನಮಗೆ "ಮಂಗಳೂರ ಸಮಾಚಾರ", ಕಿಟ್ಟೆಲರ ನಿಘಂಟು, ಹೆಂಚು ಎಲ್ಲ ಸಿಗಲು ಕಾರಣವಾದ ಊರು.

ಪುಸ್ತಕವನ್ನು ಎರಾಸ್ಮಸ್ ಅರ್ಪಿಸಿದ್ದು ಪೋಪ್ ಹತ್ತನೇ ಲಿಯೋಗೆ. ಆದರೂ ಗಲಾಟೆ ಆಯಿತು. ಯೊಹಾನನ ಮೊದಲ ಪತ್ರದಲ್ಲಿ ತಂದೆ, ವಾಕ್ಯ, ಪವಿತ್ರಾತ್ಮ ಮೂವರೂ ಒಂದೇ ಎಂದು ಹೇಳುವ ಸಾಲೊಂದು ಲ್ಯಾಟಿನ್ ಬೈಬಲ್ಲಿನಲ್ಲಿ ಎಲ್ಲರಿಗೂ ಬಾಯಿಪಾಠ. ನಾನು ನೋಡಿದ ಗ್ರೀಕ್ ಪ್ರತಿಗಳಲ್ಲಿ ಅದಿಲ್ಲ ಎಂದು ಎರಾಸ್ಮಸ್ ಅದನ್ನು ಬಿಟ್ಟೇಬಿಟ್ಟ. ತ್ರಿಯೇಕ ದೇವರ ಮೇಲೇ ಕೈ ಹಾಕಿದ ಎಂದು ಕೂಗೆದ್ದಿತು. ಕಡೆಗೆ ಆ ಸಾಲು ಇರುವ ಗ್ರೀಕ್ ಪ್ರತಿಯೊಂದು ಇಂಗ್ಲೆಂಡಿನಲ್ಲಿ ಎದ್ದುಬಂತು, ಶಾಯಿ ಒಣಗಿತ್ತೋ ಇಲ್ಲವೋ ಅನ್ನುವಷ್ಟು ಹೊಸದು. 1522ರ ಮೂರನೇ ಮುದ್ರಣದಲ್ಲಿ ಎರಾಸ್ಮಸ್ ಸಾಲನ್ನು ಸೇರಿಸಿದ. ಅವನೂ ಪೂರ್ತಿ ಸಾಚಾ ಏನಲ್ಲ. ಬೈಬಲ್ಲಿನ ಕೊನೆಯ ಭಾಗವಾದ ಪ್ರಕಟನೆ ಪುಸ್ತಕದ ಕೊನೆಯ ಹಾಳೆ ತನ್ನ ಗ್ರೀಕ್ ಪ್ರತಿಯಲ್ಲಿ ಹರಿದುಹೋಗಿದ್ದರಿಂದ ಆ ವಚನಗಳನ್ನು ಲ್ಯಾಟಿನ್ನಿನಿಂದ ತಾನೇ ಗ್ರೀಕಿಗೆ ತಿರುಗಿಸಿ ಅಚ್ಚಿಗೆ ಕೊಟ್ಟಿದ್ದ! ಲೂಥರ್ 1522ರಲ್ಲಿ ಜರ್ಮನ್ ಭಾಷೆಗೆ ಹೊಸ ಒಡಂಬಡಿಕೆ ತಂದಾಗ ಮುಂದಿಟ್ಟುಕೊಂಡದ್ದು ಎರಾಸ್ಮಸ್‌ನ ಎರಡನೇ ಮುದ್ರಣ. "ಎರಾಸ್ಮಸ್ ಮೊಟ್ಟೆ ಇಟ್ಟ, ಲೂಥರ್ ಮರಿ ಮಾಡಿಸಿದ" ಎಂದು ಸನ್ಯಾಸಿಗಳು ಆಡಿಕೊಂಡರು. ನಾನಿಟ್ಟದ್ದು ಕೋಳಿಮೊಟ್ಟೆ, ಹೊರಗೆ ಬಂದದ್ದು ಬೇರೆಯೇ ಹಕ್ಕಿ ಎಂದು ಎರಾಸ್ಮಸ್ ಗೊಣಗಿದ.

ಚಿತ್ರಗಳ ಬಗ್ಗೆಯೂ ಅವನು ಮೊದಲೇ ಕುಟುಕಿದ್ದ. ಆಗಿನ ಚರ್ಚುಗಳಲ್ಲಿ ಸಂತ ಕ್ರಿಸ್ಟೊಫರನ ಆಳೆತ್ತರಕ್ಕೂ ಮೀರಿದ ಚಿತ್ರವಿರುತ್ತಿತ್ತು. ಬೆಳಿಗ್ಗೆ ಅದರ ಮುಖ ನೋಡಿದರೆ ಆ ದಿನ ಸಾವಿಲ್ಲ ಎಂಬ ನಂಬಿಕೆ. ಇಂಥ ಭಕ್ತರನ್ನು ಎರಾಸ್ಮಸ್ ಚೆನ್ನಾಗಿ ಗೇಲಿ ಮಾಡಿದ. ಗೇಲಿ ಮಾಡಿದ ಅಷ್ಟೇ, ಒಡೆಯಿರಿ ಎನ್ನಲಿಲ್ಲ.

ಒಡೆಯುವ ಸಿಟ್ಟು ಬರಲು ದುಡ್ಡಿನ ವಿಷಯ ಸೇರಬೇಕಾಯಿತು. ಚರ್ಚಿನಲ್ಲಿ ಬಲಿಪೀಠ ಮಾಡಿಸುವುದು, ಅದಕ್ಕೆ ಚಿತ್ರ ಬರೆಸುವುದು, ದೀಪದ ಎಣ್ಣೆಗೆ ದತ್ತಿ ಇಡುವುದು ಇವೆಲ್ಲ ಸತ್ತ ಮೇಲೆ ಶುದ್ಧೀಕರಣದ ಬೇಗೆಯಲ್ಲಿ ಕಳೆಯಬೇಕಾದ ಕಾಲವನ್ನು ತಗ್ಗಿಸುವ ದಾರಿಗಳಾಗಿದ್ದವು. ಲೂಥರನ ಊರು ವಿಟ್ಟೆನ್‌ಬರ್ಗಿನ ದೊರೆ ಫ್ರೆಡ್ರಿಕ್ ಸಂತರ ಅಸ್ಥಿ, ಬಟ್ಟೆತುಂಡು ಅಂತ 19 ಸಾವಿರಕ್ಕೂ ಹೆಚ್ಚು ವಸ್ತು ಕೂಡಿಹಾಕಿದ್ದ. 1509ರಲ್ಲಿ ಅವುಗಳ ಸಚಿತ್ರ ಪಟ್ಟಿಗೆ ಮರದಚ್ಚಿನ ಚಿತ್ರ ಮಾಡಿಕೊಟ್ಟವನು ಆಸ್ಥಾನದ ಚಿತ್ರಕಾರ ಲೂಕಸ್ ಕ್ರಾನಾಕ್. ಇತ್ತ ರೋಮಿನಲ್ಲಿ 1506ರಲ್ಲಿ ಶಂಕುಸ್ಥಾಪನೆಯಾದ ಹೊಸ ಸೇಂಟ್ ಪೀಟರ್ಸ್ ಕಟ್ಟಡ ಹಣ ನುಂಗುತ್ತಲೇ ಇತ್ತು. ಜರ್ಮನಿಯಲ್ಲಿ ಮೈಂಟ್ಸ್‌ನ ಆರ್ಚ್‌ಬಿಷಪ್ ಆಲ್‌ಬ್ರೆಕ್ಟ್ ತನ್ನ ಪದವಿಗಾಗಿ ಫುಗ್ಗರ್ ಲೇವಾದೇವಿ ಮನೆತನದಿಂದ ಸಾಲ ಮಾಡಿದ್ದ. ಪಾಪದ ಕ್ಷಮಾಪಣಾ ಪತ್ರ ಮಾರಿ ಬಂದ ದುಡ್ಡಿನಲ್ಲಿ ಅರ್ಧ ರೋಮಿನ ಕಟ್ಟಡಕ್ಕೆ, ಅರ್ಧ ಸಾಲ ತೀರಿಸಲು ಎಂದು ಒಪ್ಪಂದವಾಯಿತು. ಲೂಥರ್ 1517ರಲ್ಲಿ ತನ್ನ 95 ವಾದಗಳನ್ನು ಬರೆದದ್ದು ಈ ಮಾರಾಟದ ವಿರುದ್ಧ. ಬ್ರಮಾಂಟೆ, ರಾಫೆಲ್, ಮೈಕೆಲೇಂಜೆಲೊ ಸರದಿಯಲ್ಲಿ ಕೆಲಸ ಮಾಡಿದ ಕಟ್ಟಡದ ಖರ್ಚೇ ಯುರೋಪನ್ನು ಸೀಳಿತು ಎಂದರೆ ಸ್ವಲ್ಪ ಉತ್ಪ್ರೇಕ್ಷೆಯಾದೀತು, ಸುಳ್ಳಾಗದು.

ಇಲ್ಲೊಂದು ಮಾತು ಒತ್ತಿ ಹೇಳಬೇಕು: ಬಿಳಿ ಗೋಡೆ ಲೂಥರನದ್ದಲ್ಲ. ಪೋಪ್, ಚಕ್ರವರ್ತಿ ಇಬ್ಬರ ಸಿಟ್ಟಿಗೂ ಸಿಕ್ಕಿ ಅವನು ಅಡಗಿದ್ದಾಗ ಅವನ ಜೊತೆಗಾರ ಕಾರ್ಲ್‌ಸ್ಟಾಟ್ 1522ರಲ್ಲಿ ಚಿತ್ರಗಳನ್ನು ಕೀಳಬೇಕೆಂದು ಪುಸ್ತಿಕೆ ಬರೆದ, ವಿಟ್ಟೆನ್‌ಬರ್ಗಿನಲ್ಲಿ ದಾಂಧಲೆಯೂ ಆಯಿತು. ಲೂಥರ್ ಮಾರ್ಚಿನಲ್ಲಿ ಓಡಿಬಂದು ಪ್ರವಚನದ ಮೇಲೆ ಪ್ರವಚನ ಮಾಡಿ ಅದನ್ನು ನಿಲ್ಲಿಸಿದ. ಚಿತ್ರವಿದ್ದರೆ ಇರಲಿ, ಅದರಿಂದ ಪುಣ್ಯ ಬರುತ್ತದೆ ಅನ್ನಬೇಡಿ ಎಂಬುದು ಅವನ ನಿಲುವು. ಸಂತರ ಅಸ್ಥಿಗಳ ಪಟ್ಟಿಗೆ ಚಿತ್ರ ಕೊಟ್ಟ ಅದೇ ಕ್ರಾನಾಕ್ ಲೂಥರನ ಬೈಬಲ್ಲಿಗೂ ಚಿತ್ರ ಮಾಡಿದ, ಅವನ ಮದುವೆಗೆ ಸಾಕ್ಷಿಯಾದ, ನಡುವೆ ಕ್ಷಮಾಪಣಾ ಪತ್ರದ ಆಲ್‌ಬ್ರೆಕ್ಟ್‌ನ ಆರ್ಡರುಗಳನ್ನೂ ಪೂರೈಸಿದ. ಜಾಣ.

ಬಿಳಿ ಗೋಡೆ ಸ್ವಿಟ್ಜರ್ಲೆಂಡಿನದು. ಜೂರಿಕ್‌ನ ಸುಧಾರಕ ಪಾದ್ರಿ ಜ್ವಿಂಗ್ಲಿ ಎರಾಸ್ಮಸ್‌ನನ್ನು ಓದಿಕೊಂಡೇ ಬೆಳೆದವನು. ದೇವರ ನಿಜವಾದ ಪ್ರತಿಮೆಗಳು ಬಡವರು, ಮರದ ಬೊಂಬೆಗೆ ಹಾಕುವ ದುಡ್ಡು ಅವರಿಗೆ ಹೋಗಲಿ ಎಂದು ವಾದಿಸಿದ. 1524ರಲ್ಲಿ ನಗರಸಭೆಯೇ ಆಳುಗಳನ್ನು ಕಳಿಸಿ, ಬಾಗಿಲು ಹಾಕಿಕೊಂಡು, ಚರ್ಚುಗಳನ್ನು ಒಂದೊಂದಾಗಿ ಖಾಲಿ ಮಾಡಿಸಿತು. ನಮ್ಮ ಗೋಡೆಗಳು ಈಗ ಎಷ್ಟು ಚೆಂದ ಬೆಳ್ಳಗಿವೆ ಎಂದು ಜ್ವಿಂಗ್ಲಿ ಹಿಗ್ಗಿದ.

ಬಾಸೆಲ್‌ನಲ್ಲಿ ಅಷ್ಟು ಶಿಸ್ತಿನಿಂದ ನಡೆಯಲಿಲ್ಲ. 1529ರ ಫೆಬ್ರವರಿ 9ರಂದು ಜನ ಗುಂಪುಗೂಡಿ ದೊಡ್ಡ ಚರ್ಚಿಗೆ ನುಗ್ಗಿದರು. ನಗರಸಭೆ ಕೈಚೆಲ್ಲಿತು. ಎರಾಸ್ಮಸ್ ಅದೇ ಊರಲ್ಲಿದ್ದ. ನ್ಯೂರೆಂಬರ್ಗಿನ ಗೆಳೆಯ ಪಿರ್ಕ್‌ಹೈಮರನಿಗೆ ಅವನು ಬರೆದ ಕಾಗದ ಉಳಿದಿದೆ: ಚರ್ಚು, ಮೊಗಸಾಲೆ, ಮಠ ಎಲ್ಲೂ ಒಂದು ಮೂರ್ತಿ ಉಳಿದಿಲ್ಲ, ಗೋಡೆಚಿತ್ರಗಳ ಮೇಲೆ ಸುಣ್ಣ, ಉರಿಯುವಂಥದ್ದು ಬೆಂಕಿಗೆ, ಉಳಿದದ್ದು ಚೂರುಚೂರು. ಅದೇ ಕಾಗದದಲ್ಲಿ ಒಂದು ಕುಹಕ: ಹಿಂದೆ ಸಣ್ಣ ಅವಮಾನಕ್ಕೂ ಪವಾಡ ತೋರಿಸುತ್ತಿದ್ದ ಸಂತರು ಇಷ್ಟೆಲ್ಲ ಆದರೂ ಸುಮ್ಮನಿದ್ದರಲ್ಲ! ನಗಬೇಕೋ ಅಳಬೇಕೋ ತಿಳಿಯದ ಮನುಷ್ಯನ ಬರಹ ಅದು. ಏಪ್ರಿಲ್‌ನಲ್ಲಿ ಗಂಟುಮೂಟೆ ಕಟ್ಟಿ ಕ್ಯಾಥೊಲಿಕ್ ಊರು ಫ್ರೈಬುರ್ಗಿಗೆ ಹೋದ. 1535ರಲ್ಲಿ ವಾಪಸು ಬಂದು ಮರುವರ್ಷ ಬಾಸೆಲ್‌ನಲ್ಲೇ ಸತ್ತ. ಅವನ ಸಮಾಧಿ ಇರುವುದು ಮೂರ್ತಿಗಳನ್ನು ಒಡೆದ ಆ ದೊಡ್ಡ ಚರ್ಚಿನೊಳಗೆ.

ಈ ಗದ್ದಲದಲ್ಲಿ ಹೊಟ್ಟೆಗೆ ಏಟು ಬಿದ್ದದ್ದು ಚಿತ್ರಕಾರರಿಗೆ. ಬಾಸೆಲ್‌ನಲ್ಲಿ ಹಾನ್ಸ್ ಹೋಲ್ಬೈನ್ ಇದ್ದ. 1521-22ರಲ್ಲಿ ಅವನು ಬರೆದ ಸತ್ತ ಕ್ರಿಸ್ತನ ಚಿತ್ರ ಇಂದಿಗೂ ಆ ಊರಿನ ಮ್ಯೂಸಿಯಮ್ಮಿನಲ್ಲಿದೆ. ಎರಡು ಮೀಟರ್ ಉದ್ದ, ಎತ್ತರ ಮೂವತ್ತು ಸೆಂಟಿಮೀಟರ್ ಚಿಲ್ಲರೆ. ಶವಪೆಟ್ಟಿಗೆಯ ಪಕ್ಕದ ಹಲಗೆ ತೆಗೆದು ಒಳಗೆ ಇಣುಕಿದ ಹಾಗೆ. ಬಾಯಿ ಅರ್ಧ ತೆರೆದಿದೆ, ಕಣ್ಣು ಮುಚ್ಚಿಲ್ಲ, ಕೈಬೆರಳುಗಳ ಬಣ್ಣ ಹಸಿರಿಗೆ ತಿರುಗುತ್ತಿದೆ. ಪ್ರಭಾವಳಿ ಇಲ್ಲ, ದೇವದೂತರಿಲ್ಲ. ದೇಹವನ್ನು ಇದ್ದಂತೆ ನೋಡುವ ಪುನರುಜ್ಜೀವನದ ಕಣ್ಣು, ಪೂಜೆಗೆ ಸಿಗದಂಥ ದೇವರು, ಎರಡೂ ಒಂದೇ ಹಲಗೆಯ ಮೇಲೆ. ನನಗೆ ಆ ಕಾಲದ ಯಾವ ಪ್ರವಚನಕ್ಕಿಂತಲೂ ಇದು ದೊಡ್ಡದು.

1526ರಲ್ಲಿ ಎರಾಸ್ಮಸ್ ಹೋಲ್ಬೈನ್‌ನ ಕೈಗೆ ಶಿಫಾರಸು ಪತ್ರ ಕೊಟ್ಟು ಕಳಿಸಿದ: ಇಲ್ಲಿ ಕಲೆಗಳು ಚಳಿಗೆ ನಡುಗುತ್ತಿವೆ, ಒಂದಷ್ಟು ಏಂಜೆಲ್ ಗಳಿಸಲು ಇವನು ಇಂಗ್ಲೆಂಡಿಗೆ ಹೊರಟಿದ್ದಾನೆ. ಏಂಜೆಲ್ ಅಂದರೆ ಅಲ್ಲಿನ ಚಿನ್ನದ ನಾಣ್ಯ. ನಡುವೆ ಬಾಸೆಲ್‌ಗೆ ಬಂದಿದ್ದಾಗ, ಹೊಸ ಪದ್ಧತಿಯ ಪ್ರಭುಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆಗೆ) ಯಾಕೆ ಬರುತ್ತಿಲ್ಲ ಎಂದು ನಗರಸಭೆ ಅವನನ್ನು ವಿಚಾರಿಸಿತು. ಮೊದಲು ಸರಿಯಾಗಿ ವಿವರಿಸಿ ಹೇಳಿ ಎಂದನಂತೆ. ಮತ್ತೆ ಇಂಗ್ಲೆಂಡಿಗೆ ಹೋದವನು ಅಲ್ಲೇ ನೆಲೆಯೂರಿ 1543ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. 1533ರಲ್ಲಿ ಇಬ್ಬರು ಫ್ರೆಂಚ್ ರಾಯಭಾರಿಗಳನ್ನು ನಿಲ್ಲಿಸಿ ಬರೆದ ಅವನ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಇಬ್ಬರಲ್ಲಿ ಒಬ್ಬ ಕ್ಯಾಥೊಲಿಕ್ ಬಿಷಪ್. ಆದರೆ ನಡುವಿನ ಕಪಾಟಿನ ಮೇಲೆ ತೆರೆದಿಟ್ಟಿರುವುದು ಲೂಥರನ ಕೀರ್ತನೆಗಳ ಪುಸ್ತಕ, ಪಕ್ಕದ ವೀಣೆಯಂಥ ವಾದ್ಯದ ಒಂದು ತಂತಿ ಹರಿದಿದೆ, ಎಡಗಡೆ ಮೂಲೆಯಲ್ಲಿ ಹಸಿರು ಪರದೆಯ ಹಿಂದೆ ಅರ್ಧ ಮರೆಯಾದ ಶಿಲುಬೆ.

ರೋಮಿನ ಕಡೆಯವರು ಸುಮ್ಮನೆ ಕೂರಲಿಲ್ಲ. 1563ರ ಡಿಸೆಂಬರಿನಲ್ಲಿ ಕ್ಯಾಥೊಲಿಕ್ ಬಿಷಪ್‌ಗಳ ಟ್ರೆಂಟ್ ಮಹಾಸಭೆ ಚಿತ್ರಗಳು ಬೇಕೇಬೇಕು ಎಂದಿತು, ಜೊತೆಗೆ ಅಸಭ್ಯವಾದದ್ದು, ತಪ್ಪು ಕಲಿಸುವಂಥದ್ದು ಇರಕೂಡದು ಎಂದೂ ಸೇರಿಸಿತು. ಸಿಸ್ಟೀನ್ ಚಾಪೆಲ್ಲಿನ ಅಂತಿಮ ತೀರ್ಪಿನ ಚಿತ್ರದಲ್ಲಿ ಮೈಕೆಲೇಂಜೆಲೊ ಬತ್ತಲೆ ಬರೆದಿದ್ದ ಸಂತರಿಗೆ ಅವನ ಶಿಷ್ಯ ಡಾನಿಯೆಲೆ ದ ವೊಲ್ಟೆರಾ ಬಟ್ಟೆ ಉಡಿಸಿ "ಚಡ್ಡಿ ಹೊಲಿಯುವವ" ಅಂತ ಅಡ್ಡಹೆಸರು ಪಡೆದ. ಚಿತ್ರದಿಂದ ಗೋಡೆ ತುಂಬಿಸುವ ಜೆಸ್ವಿಟರ ಉತ್ಸಾಹಕ್ಕೆ ಬೆನ್ನುಕೊಟ್ಟದ್ದು ಈ ಟ್ರೆಂಟ್ ತೀರ್ಮಾನವೇ.

1573ರಲ್ಲಿ ವೆನಿಸ್‌ನ ಧರ್ಮನ್ಯಾಯಾಲಯ ವೆರೊನೇಸೆ ಎಂಬ ಚಿತ್ರಕಾರನನ್ನು ಕರೆಸಿತು. ಮಠವೊಂದರ ಊಟದ ಮನೆಗೆ ಅವನು ಕ್ರಿಸ್ತನ ಕೊನೆಯ ಭೋಜನ ಬರೆದಿದ್ದ, ಸುಮಾರು ಹದಿಮೂರು ಮೀಟರ್ ಅಗಲದ್ದು. ಆ ಭೋಜನಕ್ಕೆ ನಿಜವಾಗಿ ಯಾರು ಯಾರು ಬಂದಿದ್ದರು ಎಂದು ಕೇಳಿದರು. ಕ್ರಿಸ್ತ ಮತ್ತು ಶಿಷ್ಯರು ಎಂದ. ಹಾಗಾದರೆ ಗಿಳಿ ಹಿಡಿದ ವಿದೂಷಕ ಯಾಕೆ, ಮೂಗಿನಲ್ಲಿ ರಕ್ತ ಸೋರುವ ಆಳು ಯಾಕೆ, ಜರ್ಮನ್ ಸೈನಿಕರು ಯಾಕೆ? ಜರ್ಮನಿಯಲ್ಲಿ ಇಂಥ ಚಿತ್ರ ಬರೆದು ನಮ್ಮ ಧರ್ಮವನ್ನು ಹೀಯಾಳಿಸುತ್ತಾರೆ, ಗೊತ್ತಿಲ್ಲವೆ? ಮೂಲದಲ್ಲಿ ಏನಿದೆ ತೋರಿಸು ಎಂಬ ವಲ್ಲಾ, ಎರಾಸ್ಮಸ್‌ರ ಪ್ರಶ್ನೆ ಅಷ್ಟು ಹೊತ್ತಿಗೆ ಅವರ ವಿರೋಧಿಗಳ ಬಾಯಿಗೂ ಬಂದಿತ್ತು. ಜಾಗ ಖಾಲಿಯಿತ್ತು, ತುಂಬಿಸಿದೆ, ಕವಿಗಳಿಗಿರುವ ಸಲಿಗೆ ನಮಗೂ ಇದೆ ಎಂದ ವೆರೊನೇಸೆ. ಮೂರು ತಿಂಗಳೊಳಗೆ ಸ್ವಂತ ಖರ್ಚಿನಲ್ಲಿ ತಿದ್ದು ಎಂದು ಆಜ್ಞೆಯಾಯಿತು. ಅವನು ಗಿಳಿಯನ್ನೂ ತೆಗೆಯಲಿಲ್ಲ, ಸೈನಿಕರನ್ನೂ ತೆಗೆಯಲಿಲ್ಲ. ಚಿತ್ರದ ಹೆಸರನ್ನೇ ಲೇವಿಯ ಮನೆಯ ಔತಣ ಎಂದು ಬದಲಿಸಿ, ಲೂಕನ ಸುವಾರ್ತೆ ಐದನೇ ಅಧ್ಯಾಯ ಎಂದು ಕಟಕಟೆಯ ಮೇಲೆ ಬರೆದ. ಆ ಅಧ್ಯಾಯದ ಔತಣಕ್ಕೆ ಸುಂಕದವರು, ಅವರಿವರು ಎಲ್ಲ ಬಂದಿದ್ದರು ಅಂತ ಮೂಲದಲ್ಲೇ ಇದೆ.