ಅವ್ವನ ಕರಡಿಗೆ

ನಮ್ಮ ಮನೆಯಲ್ಲಿ ಲಿಂಗಪೂಜೆ ಆಗದೆ ಯಾರೂ ಚಹಾ ಕುಡಿಯುವುದಿಲ್ಲ. ಗದಗಿನ ತೋಂಟದಾರ್ಯ ಮಠದ ಶಿವಾನುಭವ ಗೋಷ್ಠಿಗೆ ಸಣ್ಣವನಿದ್ದಾಗಿನಿಂದ ಹೋಗಿ ಹೋಗಿ, ಅಷ್ಟಾವರಣ, ಷಟ್‌ಸ್ಥಲ ಅಂತ ಲಿಂಗಾಯತ ಧರ್ಮದ ನಾಲ್ಕು ಮಾತು ಆಡುವಷ್ಟು ನಾನೂ ಕಲಿತಿದ್ದೆ. ಓಣಿಯ ಹುಡುಗರು ಏನಾದರೂ ಕೇಳಿದರೆ ತಡವರಿಸುತ್ತಿರಲಿಲ್ಲ. ಗುರು ಕೊಟ್ಟ ಲಿಂಗ ಮೈಬಿಟ್ಟು ಅಗಲಬಾರದು, ಅಗಲಿದರೆ ಹನಿ ನೀರೂ ಮುಟ್ಟಬಾರದು. ಲಿಂಗ ಕಳೆದುಕೊಂಡು ಪ್ರಾಣ ಬಿಟ್ಟ ಶರಣರ ಕಥೆ ಹೇಳುವಾಗಂತೂ ನನ್ನ ದನಿಯೇ ಬೇರೆಯಾಗುತ್ತಿತ್ತು.

ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಹುಬ್ಬಳ್ಳಿಗೆ ಕರೆದೊಯ್ದೆವು. ಮರುದಿನವೇ ಆಪರೇಷನ್.

ಥಿಯೇಟರಿನ ಬಾಗಿಲಲ್ಲಿ ನರ್ಸ್ ಅವ್ವನ ಕೊರಳು ನೋಡಿದರು. ಲಿಂಗ ಇಡುವ ಬೆಳ್ಳಿ ಡಬ್ಬಿ, ಕರಡಿಗೆ, ಶಿವದಾರದಲ್ಲಿ ತೂಗುತ್ತಿತ್ತು. "ಇದನ್ನ ತೆಗೀಬೇಕ್ರಿ." ರಕ್ತ ನಿಲ್ಲಿಸಲು ಕರೆಂಟಿನ ಮಷಿನ್ ಬಳಸುತ್ತಾರಂತೆ, ಮೈಮೇಲೆ ಬೆಳ್ಳಿ ಬಂಗಾರ ಇದ್ದರೆ ಅಲ್ಲಿ ಸುಡುವ ಭಯ. ಬೆಳ್ಳಿ ಕರಡಿಗೆ ಬೇಡ, ಲಿಂಗವನ್ನಷ್ಟೇ ಅರಿವೆಯಲ್ಲಿ ಸುತ್ತಿ ತಲೆಗೆ ಕಟ್ಟುತ್ತೇನೆ ಅಂದೆ. ಅದೂ ಆಗುವುದಿಲ್ಲ ಅಂದರು. ನಾನು ಇನ್ನೂ ವಾದ ಮಾಡುತ್ತಲೇ ಇದ್ದೆ. ಅವ್ವ ತಾನೇ ಶಿವದಾರ ತೆಗೆದು ನನ್ನ ಕೈಗಿಟ್ಟಳು.

"ಹಿಡಕೋ ತಮ್ಮಾ. ಅಂವಾ ಏನ್ ದಾರದಾಗ ಜೋತು ಬಿದ್ದಾನೇನು? ಡಾಕ್ಟರ್ ಕಾಯಾಕತ್ತಾರ."

ಬಾಗಿಲು ಮುಚ್ಚಿತು.

ಹೊರಗೆ ಕುರ್ಚಿಯ ಮೇಲೆ ಕೂತು ಪಂಚಾಕ್ಷರಿ ಶುರು ಮಾಡಿದೆ. ಎಣಿಕೆ ತಪ್ಪಿತು. ಮತ್ತೆ ಮೊದಲಿಂದ, ಮತ್ತೆ ತಪ್ಪು. ಕೊನೆಗೆ ಮನಸ್ಸು ಅಲ್ಲಿಗೇ ಬಂದು ನಿಂತಿತು: ಒಳಗೆ ಏನಾದರೂ ಆಗಿ ಅವ್ವ ಲಿಂಗವಿಲ್ಲದೆಯೇ ಹೋದರೆ? ನಾನು ಹುಡುಗರಿಗೆ ಹೇಳುತ್ತಿದ್ದ ಲೆಕ್ಕದ ಪ್ರಕಾರ ಅವಳ ಗತಿ ಏನು? ಸೆರಗು ಹೊದ್ದು, ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ದಿನಾ ನಸುಕಿನಲ್ಲಿ ಕೂರುವವಳು. ಅಂಥವಳನ್ನು ದೇವರು ಬಾಗಿಲಲ್ಲಿ ನಿಲ್ಲಿಸಿ ಕೊರಳು ನೋಡುತ್ತಾನಾ, ನರ್ಸಿನ ಹಾಗೆ? ನಂಬಲಿಕ್ಕೆ ಆಗಲಿಲ್ಲ. ಎಷ್ಟು ತಿಣುಕಿದರೂ ಆಗಲಿಲ್ಲ. ಆಮೇಲೆ ಎಣಿಸುವುದನ್ನು ಬಿಟ್ಟೆ.

ಆಗ ಆದದ್ದನ್ನು ಸರಿಯಾಗಿ ಹೇಳುವುದು ಕಷ್ಟ. ಅವ್ವ ಉಳಿಯುತ್ತಾಳೆ ಅಂತ ಯಾವ ಭರವಸೆಯೂ ಹುಟ್ಟಲಿಲ್ಲ, ಹೆದರಿಕೆ ಹಾಗೇ ಇತ್ತು. ಆದರೆ ಉಳಿದರೂ ಹೋದರೂ ಅವಳು ಅನಾಥಳಾಗುವುದಿಲ್ಲ ಅನ್ನಿಸಿತು. ಬಾಗಿಲ ಈಚೆ ಕೂತ ನಾನೂ ಅಷ್ಟೇ. ಇಷ್ಟು ವರ್ಷ ಪೂಜೆ ಮಾಡಿದ್ದೇನೆ, ಹೀಗೆ ಏನೂ ಕೇಳದೆ, ಏನೂ ಗೊತ್ತಿಲ್ಲದೆ ಸುಮ್ನೆ ಕೂತದ್ದು ನೆನಪಿಲ್ಲ. ಪಕ್ಕದಲ್ಲಿ ಬುರ್ಖಾ ಹಾಕಿದ್ದ ಹೆಣ್ಣುಮಗಳೊಬ್ಬಳು ತಸ್ಬಿ ಎಣಿಸುತ್ತಿದ್ದಳು. "ನಿಮ್ಮವರು ಯಾರ್ರಿ ಒಳಗ?" ಅಂದಳು. "ಅವ್ವ" ಅಂದೆ. "ನನಗೂ ಅವ್ವನ ರೀ" ಅಂದು ಮತ್ತೆ ಮಣಿಗೆ ಬೆರಳು ಹಚ್ಚಿದಳು.

ಅವ್ವ ಗೆದ್ದು ಬಂದಳು. ನೋಡಲು ಬಂದ ಮಾವ, ಲಿಂಗ ಅಗಲಿತಲ್ಲ, ಸ್ವಾಮಿಗಳನ್ನು ಕೇಳಿ ಮತ್ತೆ ಧಾರಣೆ ಮಾಡಿಸಬೇಕು ಅಂದರು. ನನ್ನ ಕಡೆ ನೋಡಿದರು. ಇಂಥ ಮಾತಿಗೆ ಮೊದಲು ತಲೆಯಾಡಿಸುತ್ತಿದ್ದವನು ನಾನೇ ಅಲ್ವಾ? ಅಷ್ಟರಲ್ಲಿ ಅವ್ವ ವಿಭೂತಿ ಕೇಳಿ ಹಚ್ಚಿಕೊಂಡು, ಕರಡಿಗೆ ಇಸಿದುಕೊಂಡು ಕಣ್ಣಿಗೊತ್ತಿ, ಕೊರಳಿಗೆ ಹಾಕಿಕೊಂಡಾಗಿತ್ತು. "ಚಹಾ ತರಿಸ್ರಿ ಮೊದಲ" ಅಂದಳು.

ಪೂಜೆ ನಾನೂ ಬಿಟ್ಟಿಲ್ಲ, ಇನ್ನೂ ಜಾಸ್ತಿ ಹೊತ್ತು ಕೂರುತ್ತೇನೆ. ಮೊನ್ನೆ ಓಣಿಯ ಹುಡುಗನೊಬ್ಬ ಕೇಳಿದ, "ಕಾಕಾ, ಲಿಂಗ ಕಳೀತಂದ್ರ ಏನ್ ಮಾಡಬೇಕ್ರಿ?" ಶರಣರ ಕಥೆ ಬಾಯಿಗೆ ಬಂದಿತ್ತು. ಕರೆಂಟಿನ ಮಷಿನ್ನಿನ ಕಥೆ ಹೇಳಿದೆ.