ಕೋವಿ ಸಿಗೋ ದೇಶದಲ್ಲಿ ಬಿಲ್ಲು ಯಾಕೆ?

ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಹೋದಾಗಲೆಲ್ಲ ಚಿಕ್ಕಪ್ಪ ಇದನ್ನೇ ಕೇಳುತ್ತಾರೆ. "ಅಲ್ಲ ಮಾರಾಯ, ಅಂಗಡಿಯಲ್ಲೇ ಕೋವಿ ಸಿಗೋ ದೇಶದಲ್ಲಿದ್ದೀಯ. ಹಂದಿ ಹೊಡೆಯೋಕೆ ಬಿಲ್ಲು ಯಾಕೆ?" ಇಲ್ಲಿ ಫ್ಲಾರಿಡಾದ ಕನ್ನಡ ಗೆಳೆಯರೂ ಅದನ್ನೇ ಕೇಳಿ, ಬಾಣದಿಂದ ಪ್ರಾಣಿಗೆ ನೋವು ಜಾಸ್ತಿ ಅಲ್ವಾ ಅಂತ ಇನ್ನೊಂದು ಸೇರಿಸುತ್ತಾರೆ. ಊಟದ ಮಧ್ಯೆ ಹೇಳಿ ಮುಗಿಸುವ ಉತ್ತರ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಟ್ಯಾಂಪಾ ಮತ್ತು ಒರ್ಲ್ಯಾಂಡೊ ನಡುವೆ ಗ್ರೀನ್ ಸ್ವಾಂಪ್ ಅಂತ ದೊಡ್ಡ ಜೌಗು ಇದೆ. ವಿತ್ಲಕೂಚಿ, ಪೀಸ್, ಹಿಲ್ಸ್‌ಬರೊ ನದಿಗಳು ಹುಟ್ಟುವುದು ಅಲ್ಲೇ. ಅದರ ಅಂಚಿಗೆ ಪರಿಚಯದವರೊಬ್ಬರ ದನದ ಹುಲ್ಲುಗಾವಲು. ಹಂದಿ ಈ ನೆಲದ್ದಲ್ಲ. 1539ರಲ್ಲಿ ಸ್ಪೇನಿನ ಹೆರ್ನಾಂಡೊ ಡಿ ಸೋಟೊ ಫ್ಲಾರಿಡಾದಲ್ಲಿ ಇಳಿದಾಗ ಜೊತೆಗೆ ಹಂದಿಗಳನ್ನೂ ತಂದಿದ್ದ. ಆಮೇಲೆ ಬಂದವರೂ ಸಾಕಿದ ಹಂದಿಗಳನ್ನು ಮೇಯಲು ಬಿಟ್ಟರು. ಈಗ ರಾಜ್ಯದ 67 ಕೌಂಟಿಗಳಲ್ಲೂ ಇವೆ. ಖಾಸಗಿ ಜಮೀನಿನಲ್ಲಿ ಮಾಲೀಕರು ಒಪ್ಪಿದರೆ ವರ್ಷವಿಡೀ ಹೊಡೆಯಬಹುದು. (ಊರಿನಲ್ಲಿ ಇದನ್ನು ಮಾಡಲು ಹೋಗಬೇಡಿ, ಅಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ.) ಒಂದು ಹಿಂಡು ಬಂದು ಹೋದ ಬೆಳಿಗ್ಗೆ ಹುಲ್ಲುಗಾವಲು ಉತ್ತಿಟ್ಟ ಗದ್ದೆಯ ಹಾಗೆ ಬಿದ್ದಿರುತ್ತದೆ. ನಮ್ಮಪ್ಪ ಗದ್ದೆ ಕಾಯಲು ಮಾಳದಲ್ಲಿ ಕೂತು ರಾತ್ರಿಯಿಡೀ ತಗಡಿನ ಡಬ್ಬ ಬಡಿದವರು. ಆ ಸಂಕಟ ನನಗೆ ಗೊತ್ತು.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಹಂದಿಗಳ ಸಂಖ್ಯೆ ಇಳಿಸುವುದೇ ಉದ್ದೇಶವಾದರೆ ಬಿಲ್ಲು ಉಪಯೋಗಕ್ಕೆ ಬರುವುದಿಲ್ಲ. ದೊಡ್ಡ ಬೋನು ಇಟ್ಟು ಹಿಂಡಿಗೆ ಹಿಂಡೇ ಹಿಡಿಯಬೇಕು, ಆ ಜಮೀನಿನವರೂ ಅದನ್ನೇ ಮಾಡುತ್ತಾರೆ. ನಾನು ಹೋಗುವುದು ಮಾಂಸಕ್ಕೆ, ಮತ್ತೆ ಆ ಜೌಗಿಗೆ. ಕೋವಿ ಹಿಡಿದಿದ್ದ ಎರಡು ವರ್ಷ ಜೌಗಿನ ಒಳಗೆ ಕಾಲೇ ಇಟ್ಟಿರಲಿಲ್ಲ. ಹುಲ್ಲುಗಾವಲಿನ ಬೇಲಿ ಪಕ್ಕ ಕೂತು, 100 ಗಜ ದೂರದಿಂದ ಹೊಡೆದು, ಮನೆಗೆ ಬರುತ್ತಿದ್ದೆ.

ನನ್ನದು ಮರದ ಉದ್ದ ಬಿಲ್ಲು. ಈಗಿನ ಕಾಂಪೌಂಡ್ ಬಿಲ್ಲುಗಳಿಗೆ ಇರುವಂತೆ ತುದಿಗಳಲ್ಲಿ ಗಾಲಿ ಇಲ್ಲ, ಗುರಿ ನೋಡಲು ಪಿನ್ ಇಲ್ಲ. ಹೆದೆ ಎಳೆದು ನಡುಬೆರಳು ಬಾಯಿಯ ಮೂಲೆಗೆ ತಾಗಿದಾಗ ಬಿಡುತ್ತೇನೆ, ಅಷ್ಟೇ. ಈಗ 15 ಗಜದ ಆಚೆ ಬಿಡುವುದಿಲ್ಲ. ಅಂದರೆ ನಮ್ಮ ಅಡಿಕೆ ಅಂಗಳದ ಈ ತುದಿಯಿಂದ ಆ ತುದಿ. ಹಂದಿಗೆ ಕಣ್ಣು ಮಂದ, ಆದರೆ ಮೂಗು ಭಯಂಕರ. ಅಷ್ಟು ಹತ್ತಿರ ಹೋಗಬೇಕೆಂದರೆ ಗಾಳಿ ನನ್ನ ಮುಖಕ್ಕೆ ಹೊಡೆಯುತ್ತಿರಬೇಕು. ಸಣ್ಣ ಬಾಟಲಿಯಿಂದ ಪೌಡರ್ ಚಿಮ್ಮಿಸಿ ನೋಡುತ್ತಾ, ಮೊಣಕಾಲು ಮುಳುಗುವ ಕಪ್ಪು ನೀರಿನಲ್ಲಿ, ನೀರಿನಿಂದ ಗೂಟದಂತೆ ಎದ್ದ ಸೈಪ್ರೆಸ್ ಬೇರುಗಳ ನಡುವೆ, ವಿಷದ ಹಾವು ಎಲ್ಲಿ ಸುತ್ತಿಕೊಂಡಿದೆಯೋ ಅಂತ ಪ್ರತಿ ಹೆಜ್ಜೆಗೂ ಹುಡುಕುತ್ತಾ ಹೋದರೆ, 100 ಗಜಕ್ಕೆ ಒಂದು ಗಂಟೆ ಹಿಡಿಯುತ್ತದೆ. ಮೊದಲು ಕೇಳುವುದು ಸದ್ದು. ಓಕ್ ಮರದ ಕಾಯಿಗಳನ್ನು ಕಟಕಟ ಕಡಿಯುವ ಸದ್ದು.

ಇನ್ನು ನೋವಿನ ಪ್ರಶ್ನೆ. ಬಾಣ ಎರಡೂ ಶ್ವಾಸಕೋಶ ದಾಟಿ ಆಚೆ ಬಂದರೆ ಹಂದಿ ಸ್ವಲ್ಪ ದೂರ ಓಡಿ ಬೀಳುತ್ತದೆ. ತಪ್ಪಾದರೆ, ಹೌದು, ನೋವು ಜಾಸ್ತಿ. ನನ್ನಿಂದಲೇ ಆಗಿದೆ. ಬಿಲ್ಲು ಹಿಡಿದ ಮೂರನೇ ಚಳಿಗಾಲ ದೊಡ್ಡ ಗಂಡು ಹಂದಿಯೊಂದು 18 ಗಜದಲ್ಲಿ ಅಡ್ಡ ನಿಂತಿತ್ತು. ಬಲಿತ ಗಂಡಿನ ಭುಜದ ಮೇಲೆ ಗಟ್ಟಿ ಗುರಾಣಿಯಂಥ ಚರ್ಮ ಇರುತ್ತದೆ, ಒಂದು ಇಂಚಿಗೂ ದಪ್ಪ ಬೆಳೆಯಬಹುದು. (ಆತಕೂರಿನ ಶಾಸನದ ಕಾಳಿ ಎಂಬ ನಾಯಿ ನೆನಪಿದೆಯಾ? ಹಂದಿಯ ಜೊತೆ ಹೋರಾಡಿ ಅದನ್ನು ಕೊಂದು ತಾನೂ ಸತ್ತದ್ದು. ಅಂಥ ಪ್ರಾಣಿ ಇದು.) ಬಾಣ ಆ ಗುರಾಣಿಗೇ ಬಡಿಯಿತು. ನಾಲ್ಕು ಬೆರಳಷ್ಟೂ ಒಳಗೆ ಹೋಗಲಿಲ್ಲ. ಒಂದು ಪಾಮೆಟೊ ಎಲೆಯ ಮೇಲೆ ಎರಡು ಹನಿ ರಕ್ತ ಸಿಕ್ಕಿತು, ಆಮೇಲೆ ಬರೀ ನೀರು. ನಡುರಾತ್ರಿವರೆಗೆ ಹುಡುಕಿದೆ. ಮರುದಿನ ರಜೆ ಹಾಕಿ ಸಂಜೆವರೆಗೆ ಹುಡುಕಿದೆ. ಸಿಗಲೇ ಇಲ್ಲ. ಒಂದು ತಿಂಗಳು ಬಿಲ್ಲಿಗೆ ಹೆದೆ ಏರಿಸಲಿಲ್ಲ.

ಆಮೇಲೆ ಬಾಣ ಭಾರದ್ದಾಯಿತು. ಎರಡು ಅಲಗಿನ ಮೊನೆಯನ್ನು ಹಿಂದಿನ ರಾತ್ರಿ ಸಾಣೆಕಲ್ಲಿಗೆ ಹಚ್ಚುತ್ತೇನೆ, ಮುಂಗೈ ಕೂದಲು ಬೋಳಿಸುವಷ್ಟು ಹರಿತ ಆಗುವವರೆಗೆ. ಹಂದಿ ನನಗೆ ಬೆನ್ನು ಓರೆ ಮಾಡಿ ನಿಂತರೆ ಮಾತ್ರ ಬಿಡುತ್ತೇನೆ. ಆಗ ಬಾಣ ಗುರಾಣಿಯ ಹಿಂದಿನಿಂದ ಒಳಗೆ ಹೋಗುತ್ತದೆ. ಅದರ ಹೃದಯ, ಶ್ವಾಸಕೋಶ ಜಿಂಕೆಗಿಂತ ಕೆಳಗೆ, ಮುಂದೆ ಇರುತ್ತವೆ, ಇದನ್ನು ಮರೆತರೆ ಹೊಟ್ಟೆಗೆ ಬೀಳುತ್ತದೆ. ಕೊಯ್ಯುವಾಗ ಗ್ಲೌಸ್ ಬೇಕೇ ಬೇಕು. ಈ ಹಂದಿಗಳಿಂದ ಮನುಷ್ಯರಿಗೆ ಬ್ರೂಸೆಲ್ಲೋಸಿಸ್ ಎಂಬ ಜ್ವರದ ಕಾಯಿಲೆ ಹರಡುತ್ತದೆ. ಮಾಂಸ ಪೂರ್ತಿ ಬೇಯಿಸಬೇಕು. ಕಡುಬಿನ ಜೊತೆ ಅದರ ರುಚಿ ಚಿಕ್ಕಪ್ಪನಿಗೆ ಬಿಡಿಸಿ ಹೇಳಬೇಕಿಲ್ಲ.

ಕಳೆದ ಚಳಿಗಾಲ 11 ಸಲ ಹೋದೆ, ಬಾಣ ಬಿಟ್ಟದ್ದು ಒಂದೇ ಸಲ. ಕೊನೆಯ ದಿನ ಹೆಣ್ಣು ಹಂದಿಯೊಂದು ಅರ್ಧ ಬೆಳೆದ ಎರಡು ಮರಿಗಳ ಜೊತೆ 12 ಗಜಕ್ಕೆ ಬಂತು. ಮುಖ ನನ್ನ ಕಡೆಗೇ. ಮೂತಿಗೆ ಅಂಟಿದ ಕೆಸರು ಕಾಣುತ್ತಿತ್ತು, ಉಸಿರು ಕೇಳುತ್ತಿತ್ತು. ಅದು ತಿರುಗಲಿ ಅಂತ ಕಾದೆ. ಬೆರಳು ಹೆದೆಯ ಮೇಲೇ ಇತ್ತು. ಅಷ್ಟರಲ್ಲಿ ನನ್ನ ಕುತ್ತಿಗೆ ಹಿಂದೆ ತಣ್ಣಗೆ ಗಾಳಿ ಬೀಸಿತು. ಒಂದು ಸಲ "ವೂಫ್" ಅಂದಿತು ತಾಯಿ. ಮೂರೂ ನೀರು ಹಾರಿಸಿಕೊಂಡು ಕತ್ತಲೊಳಗೆ ಹೋದವು.