ಡೇಕೇರ್ ಬಿಟ್ಟು ಗಾಲ್ಫ್

2024ರ ಜೂನ್ 27, ರಾತ್ರಿ 9 ಗಂಟೆ. ಓಹಾಯೋದ ಡೇಟನ್‌ನಲ್ಲಿ ನಾನು, ನಮ್ಮೆಜಮಾನರು, ನಿದ್ದೆಗೆ ಒಪ್ಪದ ಎರಡು ವರ್ಷದ ಮಗಳು, ಮೂವರೂ ಟೀವಿ ಮುಂದೆ. ಅತ್ತ ತುಮಕೂರಲ್ಲಿ ಬೆಳಗ್ಗೆ ಆರೂವರೆ, ಅಪ್ಪನೂ ಕಾಫಿ ಲೋಟ ಹಿಡಿದು ಕೂತಿದ್ದರು. ಅಮೆರಿಕ ಅಧ್ಯಕ್ಷ ಚುನಾವಣೆಯ ಬೈಡನ್–ಟ್ರಂಪ್ ಚರ್ಚೆ. ಇಲ್ಲಿ ನಾನು ಮೊದಲ ಸಲ ಓಟು ಹಾಕುವ ವರ್ಷ ಅದು. ಸಡಗರ ಸ್ವಲ್ಪ ಜಾಸ್ತಿಯೇ ಇತ್ತು.

ನಾನು ಕಾದಿದ್ದು ಒಂದೇ ಪ್ರಶ್ನೆಗೆ. ಮನೆ ಕಂತಿಗಿಂತ ಮಗಳ ಡೇಕೇರ್ ಫೀಸೇ ನಮಗೆ ಭಾರ. ಚರ್ಚೆ ನಡೆಸಿಕೊಡುತ್ತಿದ್ದ ಸಿಎನ್‌ಎನ್ ಚಾನೆಲ್ಲಿನ ಜೇಕ್ ಟ್ಯಾಪರ್ ಅದನ್ನೇ ಕೇಳಿದರು! ವಾಲ್ಯೂಮ್ ಏರಿಸಿದೆ. ಟ್ರಂಪ್ ತಾವು ಕೆಲಸದಿಂದ ತೆಗೆದವರ ಕಥೆ ಹೇಳಿದರು. ಬೈಡನ್ ಟ್ರಂಪ್ ಅವರನ್ನು ಬೈದು, ಆಮೇಲೆ ತೆರಿಗೆ ರಿಯಾಯಿತಿ ಅಂತ ಒಂದೆರಡು ಮಾತು ಆಡಿ ಮುಗಿಸಿದರು. ವಯಸ್ಸಿನ ಪ್ರಶ್ನೆ ಬಂದಾಗ ಮಾತ್ರ ಇಬ್ಬರಿಗೂ ಹುರುಪು ಬಂತು. ಗಾಲ್ಫ್ ಯಾರು ಚೆನ್ನಾಗಿ ಆಡುತ್ತಾರೆ ಅಂತ ಜಗಳಕ್ಕೇ ನಿಂತರು.

ಅಪ್ಪನ ಫೋನು ಬಂತು. "ಏನಮ್ಮಾ, ಅಲ್ಲೂ ಹಿಂಗೇನಾ?"

ಕಟ್ಟುಪಾಡಿಗೇನೂ ಕಮ್ಮಿ ಇರಲಿಲ್ಲ. 2020ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕಿ ಸಂತೆಯಾಗಿತ್ತಲ್ಲ, ಅದಕ್ಕೇ ಈ ಸಲ ಸರದಿ ಇಲ್ಲದವರ ಮೈಕ್ ಬಂದ್. ಚಪ್ಪಾಳೆ ಹೊಡೆಯಲು ಜನವೂ ಇಲ್ಲ. ಗದ್ದಲ ನಿಂತಿತು, ನಿಜ. ಆದರೆ ಮೈಕ್ ಬಂದ್ ಮಾಡಿದರೆ ಉತ್ತರ ಬರುತ್ತಾ?

ಸೆಪ್ಟೆಂಬರ್ 10ರ ಫಿಲಡೆಲ್ಫಿಯಾ ಚರ್ಚೆಯಲ್ಲೂ ಅದೇ. ನಾಲ್ಕು ವರ್ಷದ ಹಿಂದಿಗಿಂತ ಜನ ಈಗ ಚೆನ್ನಾಗಿದ್ದಾರಾ ಅಂತ, ಬೈಡನ್ ಬದಲು ನಿಂತಿದ್ದ ಕಮಲಾ ಹ್ಯಾರಿಸ್ ಅವರಿಗೆ ಮೊದಲ ಪ್ರಶ್ನೆ. ಅವರು ತಾವು ಮಧ್ಯಮವರ್ಗದಲ್ಲಿ ಬೆಳೆದ ಕಥೆ ತೆಗೆದರು. ಹೌದು, ಇಲ್ಲ, ಎರಡೂ ಬರಲಿಲ್ಲ. ಟ್ರಂಪ್ ಅವರ ಆರೋಗ್ಯ ಯೋಜನೆ ಎಲ್ಲಿ ಅಂದರೆ, ಅದರ ಕಲ್ಪನೆಗಳಷ್ಟೇ ಇವೆಯಂತೆ! ಅದೇ ರಾತ್ರಿ ಅವರು, ನಮ್ಮೂರಿಂದ ಅರ್ಧ ಗಂಟೆ ದಾರಿಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಲಸಿಗರು ನಾಯಿ ಬೆಕ್ಕು ತಿನ್ನುತ್ತಾರೆ ಅಂದುಬಿಟ್ಟರು. ನಂಬುವಂಥ ವರದಿ ಒಂದೂ ಇಲ್ಲವೆಂದು ಊರಿನ ಆಡಳಿತ ಹೇಳಿದೆ ಅಂತ ಚರ್ಚೆ ನಡೆಸುತ್ತಿದ್ದ ಎಬಿಸಿ ಚಾನೆಲ್ಲಿನ ಡೇವಿಡ್ ಮ್ಯೂರ್ ಅಲ್ಲೇ ತಿದ್ದಿದರು. ಏನು ಬಂತು? ಎರಡೇ ದಿನಕ್ಕೆ ಅಲ್ಲಿ ಬಾಂಬ್ ಬೆದರಿಕೆ ಶುರುವಾಗಿ ಸಿಟಿ ಹಾಲ್, ಶಾಲೆ ಎಲ್ಲ ಖಾಲಿ ಮಾಡಿಸಿದರು. ನಮ್ಮ ಆಫೀಸಿನ ಒಬ್ಬರು ಮಕ್ಕಳನ್ನು ಕರೆತರಲು ಮೀಟಿಂಗ್ ಬಿಟ್ಟು ಓಡಿದರು.

1992ರಲ್ಲಿ ರಿಚ್‌ಮಂಡ್‌ನಲ್ಲಿ ನಡೆದ ಅಧ್ಯಕ್ಷೀಯ ಚರ್ಚೆಗೆ ಸಾಮಾನ್ಯ ಮತದಾರರನ್ನೇ ಕೂರಿಸಿ ಪ್ರಶ್ನೆ ಕೇಳಿಸಿದ್ದರು. ಕೆಸರೆರಚಾಟ ಬಿಟ್ಟು ನಮ್ಮ ಕಷ್ಟದ ಬಗ್ಗೆ ಮಾತಾಡಿ ಅಂತ ಒಬ್ಬರು ಎದ್ದು ಕೇಳಿದರು. ಟೀವಿಯಲ್ಲಿ ನಡೆದ ಮೊದಲ ಚರ್ಚೆ, 1960ರ ಕೆನಡಿ–ನಿಕ್ಸನ್ ಅವರದ್ದು, ದೇಶದೊಳಗಿನ ವಿಷಯಗಳಿಗಷ್ಟೇ ಮೀಸಲು. ಶುರುವಿಗೇ ಒಬ್ಬೊಬ್ಬರಿಗೆ ಎಂಟು ನಿಮಿಷ. 2024ರಲ್ಲಿ ಶುರುವಿನ ಮಾತೇ ಇರಲಿಲ್ಲ, ಒಂದು ಉತ್ತರಕ್ಕೆ ಎರಡೇ ನಿಮಿಷ. ಜಾರಿಕೊಳ್ಳಲು ಅಷ್ಟು ಸಾಕು, ಅಲ್ವಾ? ನನ್ನ ಕೇಳಿದರೆ, ಒಂದು ರಾತ್ರಿಗೆ ಎರಡೇ ವಿಷಯ ಇಡಲಿ. ಉತ್ತರ ಬರುವ ತನಕ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಲಿ.

ನಮ್ಮಮ್ಮ ಹಾಗೇ ಮಾಡುತ್ತಿದ್ದರು. ಹೋಮ್‌ವರ್ಕ್ ಆಯ್ತಾ ಅಂದಾಗ ನಾನು ಸ್ಕೂಲ್ ಡೇ ಡ್ಯಾನ್ಸಿನ ಕಥೆ ತೆಗೆಯುತ್ತಿದ್ದೆ. ಅವರು ಸೊಪ್ಪು ಬಿಡಿಸುತ್ತಾ ಪೂರ್ತಿ ಕೇಳಿಸಿಕೊಂಡು ಅನ್ನುತ್ತಿದ್ದರು: "ಸರಿ ಕಣೇ. ಹೋಮ್‌ವರ್ಕ್ ಆಯ್ತಾ?"